ಪಂಢರೀನಾಥರಾಯರ ತುಂಡೋಟ

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ಮುಂಜಾನೆಯ ಬಸ್ಸಿನ ಹಿಂಭಾಗವನ್ನು ಪಂಢರೀನಾಥರಾಯರಷ್ಟು ಚೆನ್ನಾಗಿ ಬಲ್ಲವರು ಇಡೀ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಬಲಗಡೆಯ ದೀಪದ ಗಾಜು ಸೀಳಿರುವುದು, ಹಿಂದಿನ ಏಣಿಯ ಒಂದು ಮೆಟ್ಟಿಲು ಸೊಟ್ಟಗಾಗಿರುವುದು, ಕೊನೆಯ ಸೀಟಿನವರು ಧೂಳಿಗೆ ಮೂಗು ಮುಚ್ಚಿಕೊಳ್ಳುವ ಬಗೆ, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು.

ಮುಂಬೈ ಸರಕಾರದ ಕಾಲ ಅದು. ರಾಯರು ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಮನೆ ಮಾತ್ರ ಇಳಕಲ್ಲಿನಲ್ಲಿ, ನೇಕಾರರ ಓಣಿಯ ತುದಿಗೆ. ನಲವತ್ತು ದಾಟಿದ್ದ ಅವರ ದೇಹದಲ್ಲಿ ಹೊಟ್ಟೆ ಯಾವಾಗಲೂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು, ಕಾಲುಗಳು ಅದನ್ನು ಹಿಡಿಯಲು ಹೆಣಗುತ್ತಿದ್ದವು. ಸ್ನಾನ, ಸಂಧ್ಯಾವಂದನೆ, ಊಟ ಎಲ್ಲ ಹೊತ್ತಿಗೆ ಸರಿಯಾಗಿಯೇ ಮುಗಿಯುತ್ತಿದ್ದವು. ತೊಂದರೆ ಶುರುವಾಗುವುದು ಹೊಸ್ತಿಲು ದಾಟಿದ ಮೇಲೆ. ಹತ್ತು ಹೆಜ್ಜೆ ಹೋದಾಗ ಕನ್ನಡಕ ನೆನಪಾಗುತ್ತಿತ್ತು. ಕನ್ನಡಕ ತಂದರೆ ಕೊಡೆ. ಕೊಡೆ ತಂದರೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿದೆನೋ ಇಲ್ಲವೋ ಎಂಬ ಸಂಶಯ. ಅಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು.

ಬಸ್ಸಿನ ಡ್ರೈವರ ಮುರ್ತುಜಸಾಬ ಮನುಷ್ಯ ಒಳ್ಳೆಯವನೇ. ಆದರೆ ಹೊರಡುವ ಹೊತ್ತಾಯಿತೆಂದರೆ ಹೆತ್ತ ತಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರೂ ಇನ್ನೊಂದು ಕಾಲಿಗಾಗಿ ಕಾಯುವವನಲ್ಲ. ರಾಯರು ಕೊಡೆ ಬೀಸುತ್ತ ಓಡಿ ಬರುವುದನ್ನು ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ, ಮರುಗುತ್ತಿದ್ದ, ಗೇರು ಹಾಕುತ್ತಿದ್ದ. ರಾಯರು ಆಮೇಲೆ ಶೇಂಗಾ ಹೇರಿದ ಚಕ್ಕಡಿಯನ್ನೋ ಯಾರದಾದರೂ ಲಾರಿಯನ್ನೋ ಹಿಡಿದು ಕಚೇರಿ ಮುಟ್ಟುತ್ತಿದ್ದರು.

ಒಂದು ಶನಿವಾರ ಮಾಮಲೇದಾರ ಸಾಹೇಬರು ಅವರನ್ನು ಒಳಗೆ ಕರೆದರು. ಸಾಹೇಬರು ಎಂದೂ ದನಿ ಏರಿಸಿದವರಲ್ಲ. ಅದೇ ಎಲ್ಲರಿಗೂ ಹೆದರಿಕೆ.

"ರಾಯರ, ನೀವು ಬರೋ ಹೊತ್ತಿಗೆ ನಾವು ಊಟಕ್ಕ ಏಳ್ತೀವಿ. ಸೋಮವಾರದಿಂದ ಇನ್ನೊಮ್ಮೆ ತಡಾ ಆತು ಅಂದ್ರ ನಿಮ್ಮನ್ನ ಕೂಡಲಸಂಗಮದ ಕಡೆ ಕಂದಾಯ ವಸೂಲಿಗೆ ಹಾಕ್ತೀನಿ. ಹಳ್ಳಿ ಹಳ್ಳಿ ತಿರಗ್ರಿ. ಗಾಳಿ ಛಲೋ ಅದ ಅಲ್ಲೆ."

ರಾಯರಿಗೆ ಆ ಗಾಳಿ ಆಗಲೇ ಎದೆಗೆ ಹೊಡೆದಂತಾಯಿತು.

ಸಂಜೆ ಮನೆಗೆ ಬಂದು ಹೆಂಡತಿ ವಿಮಲಾಬಾಯಿಗೆ ಹೇಳಿದರೆ ಆಕೆ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ, "ಸ್ವಲ್ಪ ಲಗೂ ಹೊಂಡ್ರಿ, ಆತಲ್ಲ," ಎಂದಳು. ಇಷ್ಟು ದೊಡ್ಡ ಸಂಕಟಕ್ಕೆ ಇಷ್ಟು ಸಣ್ಣ ಪರಿಹಾರ ಇರಬಹುದೆಂದು ರಾಯರಿಗೆ ಒಪ್ಪಿಗೆಯಾಗಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಡ್ರಿಲ್ ಮಾಸ್ತರ ಅಂದಾನಪ್ಪನವರ ಮನೆಗೆ ನಡೆದರು.

ಅಂದಾನಪ್ಪ ಮಾಸ್ತರರು ಪುಣೆಯಲ್ಲಿ ಒಂದು ವರ್ಷ ವ್ಯಾಯಾಮದ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದರು. ಕೊರಳಲ್ಲಿ ಸೀಟಿ. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ತಲೆಯ ತುಂಬ ಹೊಸ ವಿದ್ಯೆ, ಅದನ್ನು ಪ್ರಯೋಗಿಸಲು ಮಾತ್ರ ಒಬ್ಬ ಆಳೂ ಸಿಕ್ಕಿರಲಿಲ್ಲ. ರಾಯರು ತಾವಾಗಿ ಬಾಗಿಲಿಗೆ ಬಂದದ್ದು ಕಂಡು ಅವರ ಮುಖ ಹುಣ್ಣಿಮೆಯಾಯಿತು.

"ನೀವ್ ಓಡೂದು ನಾ ನೋಡೇನ್ರಿ ರಾಯರ. ಮನಿಯಿಂದ ಸ್ಟ್ಯಾಂಡಿನ ತನಕ ಒಂದೇ ಸವನ ಓಡ್ತೀರಿ. ಅರ್ಧ ದಾರ್ಯಾಗ ಎಣ್ಣಿ ತೀರಿದ ದೀಪದಂಗ ಪುಕ್ ಪುಕ್ ಅಂತೀರಿ. ಈಗ ಜಗತ್ತಿನ್ಯಾಗ ಹಂಗ ಯಾರೂ ಓಡೂದಿಲ್ಲ."

"ಮತ್ತ ಹ್ಯಾಂಗ ಓಡ್ತಾರ?"

"ತುಂಡ ತುಂಡ ಮಾಡಿ! ಜೀವ ಒಗದು ಓಡೂದು, ಸಾವಕಾಶ ಆಗೂದು. ಉಸರ ತಿರಗೂದ್ರಾಗ ಮತ್ತ ಜೀವ ಒಗದು ಓಡೂದು. ನಾ ಇದಕ್ಕ ತುಂಡೋಟ ಅಂತೇನಿ. ಯುರೋಪಿನ್ಯಾಗ ಪದಕ ಗೆಲ್ಲಾವ್ರೆಲ್ಲಾ ಇದನ್ನ ಮಾಡಾಕತ್ಯಾರ."

"ನನಗ ಪದಕ ಬ್ಯಾಡ್ರಿ ಮಾಸ್ತರ."

"ಅದನ್ನ ಹೇಳಾಕತ್ತೇನಿ. ಯಾರಿಗೆ ಏನ ಬೇಕೋ ಅದರಂಗ ತುಂಡ. ಕುಸ್ತಿ ಪೈಲವಾನಗ ಒಂದ ಥರಾ. ಹುಲಿಯಂಗ ಒಮ್ಮೆ ಎಗರೂದು, ಬಳಿಕ ದಣಿವ ಪೂರ್ತಿ ಆರೂತನಕ ನಿಲ್ಲೂದು, ಮತ್ತ ಎಗರೂದು. ಹುತುತು, ಅಂದ್ರ ಕಬಡ್ಡಿ, ಆಡಾವಗ ಅದು ನಡ್ಯೂದಿಲ್ಲ. ಅವಗ ದಣಿವ ಆರಾಕ ಬಿಡಬಾರದು, ಅರ್ಧ ಉಸರಿನ್ಯಾಗ ಮತ್ತ ಹೊಂಡಬೇಕು. ಮೈಲಗಟ್ಟಲೆ ಓಡಾವಗ ಇನ್ನೊಂದ. ಆ ಗಿಡದ ತನಕ ಜೋರ, ಈ ಬಾವಿ ತನಕ ನಿಧಾನ, ಮನಸಿಗೆ ಬಂದಂಗ. ತೊಡಿ ಗಟ್ಟಿ ಆಗಬೇಕಂದ್ರ ಗುಡ್ಡದ ಏರ ಹತ್ತಿ ಇಳೀಬೇಕು. ಈಗ ಹೇಳ್ರಿ, ನಿಮ್ಮ ಗುರಿ ಏನು?"

"ಬಸ್ಸು," ಎಂದರು ರಾಯರು.

ಮಾಸ್ತರರು ಗದ್ದಕ್ಕೆ ಕೈಯಿಟ್ಟು ವಿಚಾರಕ್ಕೆ ಬಿದ್ದರು. ಪುಣೆಯಲ್ಲಿ ಇದನ್ನು ಕಲಿಸಿರಲಿಲ್ಲ. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು, "ಬಸ್ಸಂದ್ರ ಎಲ್ಲಾ ಥರಾನೂ ಬೇಕಾಗ್ತಾವ್ರಿ," ಎಂದರು.

ಮರುದಿನ ಆದಿತ್ಯವಾರ. ಬೆಳಗಿನ ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ರಾಯರು ಕೋಟು, ಟೊಪ್ಪಿಗೆ, ಬಿಗಿದು ಕಟ್ಟಿದ ಕಚ್ಚೆ, ಬಗಲಲ್ಲಿ ಕೊಡೆ, ಕೈಯಲ್ಲಿ ಊಟದ ಡಬ್ಬಿಯ ಚೀಲದೊಂದಿಗೆ ಹೊಸ್ತಿಲ ಮೇಲೆ ನಿಂತಿದ್ದರು. "ಬಸ್ಸಿಗೆ ಬರಿಗೈಲೇ ಓಡ್ತೀರೇನು? ಹ್ಯಾಂಗ ಹೋಗವ್ರೋ ಹಂಗ ಕಲೀರಿ," ಎಂದು ಮಾಸ್ತರರ ಅಪ್ಪಣೆಯಾಗಿತ್ತು. ಮಾಸ್ತರರು ಓಣಿಯ ತಿರುವಿನಾಚೆ, ಕಣ್ಣಿಗೆ ಬೀಳದಂತೆ ನಿಂತು ಸೀಟಿ ಊದಿದರು. ಮೊದಲ ಪಾಠ ಹುಲಿಯದು.

ಎದುರು ಮನೆಯ ಗುರುಲಿಂಗವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಆಕೆಯ ಕಟ್ಟೆಯೆಂದರೆ ಓಣಿಯ ನಾಕಾ. ಅದನ್ನು ದಾಟಿ ಹೋಗುವ ಪ್ರತಿ ಮನುಷ್ಯನಿಗೂ ಒಂದು ಪ್ರಶ್ನೆಯ ಸುಂಕ ಬೀಳುತ್ತಿತ್ತು. ಆಕೆ ನೋಡನೋಡುತ್ತಿದ್ದಂತೆ ರಾಯರು ಬಾಗಿಲಿನಿಂದ ಗುಂಡು ಹಾರಿದಂತೆ ಹಾರಿ, ಆಕೆಯ ಕಟ್ಟೆಯವರೆಗೆ ಬಂದು ಗಕ್ಕನೆ ನಿಂತರು. ಕಣ್ಣು ಮುಚ್ಚಿದ್ದರು, ಹಲ್ಲು ಕಚ್ಚಿದ್ದರು, ಒಂದು ಕೈ ಹೊಟ್ಟೆಯ ಮೇಲಿತ್ತು.

"ಯಪ್ಪಾ ಪಂಢರೀ, ನಿನ್ನಿ ಏನ ತಿಂದಿದ್ದಿ?"

ಮಾತಾಡಲು ಉಸಿರಿಲ್ಲದ ರಾಯರು ಏನೂ ಇಲ್ಲವೆಂದು ಕೈ ಅಲ್ಲಾಡಿಸಿದರು. ನಿಲ್ಲಲು ಪುರಸೊತ್ತಿಲ್ಲವೆಂದು ಗುರುಲಿಂಗವ್ವ ತಿಳಿದುಕೊಂಡಳು.

"ಆತಾತು, ಮೊದಲ ಓಡ! ಮಾತ ಆಮ್ಯಾಲ!"

ಅತ್ತ ಸೀಟಿಯಾಯಿತು. ರಾಯರು ಮತ್ತೆ ಎಗರಿದರು. ಗುರುಲಿಂಗವ್ವ ಜೋಳದ ಮೊರವನ್ನು ಬದಿಗಿಟ್ಟು ಎದುರು ಮನೆಯತ್ತ ಕೂಗಿದಳು: "ವಿಮಲಾಬಾಯೀ, ನಿನ್ನ ಗಂಡಗ ಹೊಟ್ಟಿ ಕೆಟ್ಟೈತಿ, ತಂಬಿಗಿ ಕೊಟ್ಟ ಕಳಸೂದಿಲ್ಲೇನ? ಪಾಪ, ಗಡಿಬಿಡ್ಯಾಗ ಕೊಡಿ ಹಿಡಕೊಂಡ ಹೋಗ್ಯಾನ!"

ಈ ಸುದ್ದಿ ಓಣಿಯಲ್ಲಿ ರಾಯರಿಗಿಂತ ಜೋರಾಗಿ ಓಡಿತು. ಅವರು ಏದುಸಿರು ಬಿಡುತ್ತ ಮರಳಿ ಬರುವಷ್ಟರಲ್ಲಿ ಗುರುಲಿಂಗವ್ವ ದಾಳಿಂಬೆ ಸಿಪ್ಪೆಯನ್ನು ಕುದಿಸಿ, ಲೋಟ ಹಿಡಿದು ದಾರಿಗೆ ಅಡ್ಡ ನಿಂತಿದ್ದಳು.

"ಗುರುಲಿಂಗವ್ವಾ, ನನಗೇನೂ ಆಗಿಲ್ಲ. ಮ್ಯಾಲ ಇದು ನಿಮ್ಮ ಒಲಿ ಮ್ಯಾಲಿಂದು, ನಮ್ಮ ಮಡಿ..."

"ಔಷಧಕ್ಕ ಎಲ್ಲೀ ಮಡಿಯೋ? ಮೂಗ ಮುಚ್ಚಿಕೊಂಡ ಕುಡಿ."

ರಾಯರು ಕುಡಿದರು. ಸುತ್ತ ನಿಂತ ಹೆಂಗಸರು ಲೋಟ ಬರಿದಾಗುವ ತನಕ ಕದಲಲಿಲ್ಲ. ನಾಲಗೆ ಒಣ ತೊಗಲಿನಂತಾಗಿ, ಆ ದಿನ ಅವರ ಅರ್ಧ ಮಾತುಗಳು ಬಾಯಿಂದ ಹೊರಡಲೇ ಇಲ್ಲ.

ಎರಡನೆಯ ಪಾಠ ದೂರದ ಓಟಗಾರನದು. ಗಿಡದ ತನಕ ಜೋರು, ಬಾವಿಯ ತನಕ ನಿಧಾನ. "ನೆಲಾ ನೋಡಬ್ಯಾಡ್ರಿ, ಗುರಿ ನೋಡ್ರಿ," ಎಂದಿದ್ದರು ಮಾಸ್ತರರು. ರಾಯರು ಓಣಿಯ ಕೊನೆಗಿದ್ದ ಬೇವಿನ ಗಿಡದ ನೆತ್ತಿಯ ಮೇಲೆ ದೃಷ್ಟಿ ನೆಟ್ಟು ಹೊರಟರು.

ನಡುವೆ ನೇಕಾರ ರಾಜಮಹ್ಮದನ ಮನೆಯವರು ಸೀರೆಯ ನೂಲನ್ನು ಓಣಿಯುದ್ದಕ್ಕೂ ಬಿಗಿದು ಗಂಜಿ ಹಚ್ಚುತ್ತಿದ್ದರು. ದಾಳಿಂಬೆ ಬಣ್ಣದ ನೂಲು, ಎಳೆ ಎಳೆಯಾಗಿ ಬಿಸಿಲಿಗೆ ಮಿನುಗುತ್ತಿತ್ತು. ರಾಜಮಹ್ಮದ "ರಾಯರ, ರಾಯರ!" ಎಂದು ಕೂಗುತ್ತಿದ್ದಂತೆಯೇ ನೂಲಿಗೆ ಮೊದಲು ರಾಯರ ಹೊಟ್ಟೆ ಮುಟ್ಟಿತು, ಬಳಿಕ ಕೊಡೆ. ಕೊಡೆ ಆ ಹೊತ್ತಿನಲ್ಲಿಯೇ ತಾನಾಗಿ ಬಿಚ್ಚಿಕೊಂಡಿತು. ನಿಲ್ಲಬೇಕೆಂದು ಅವರು ತಿರುಗಿದರು. ಹಾಗೆ ತಿರುಗಿದ್ದೇ ತಪ್ಪಾಯಿತು. ಎರಡೇ ಸುತ್ತಿನಲ್ಲಿ ಸೊಂಟದವರೆಗೆ ನೂಲು ಸುತ್ತಿಕೊಂಡು, ಗಂಜಿಯ ಜೊತೆ ಅಂಟಿಕೊಂಡಿತು.

ರಾಜಮಹ್ಮದ ತಲೆಯ ಮೇಲೆ ಕೈ ಹೊತ್ತ. "ಅಲ್ರಿ ರಾಯರ, ಸೀರಿ ನಾ ಇನ್ನೂ ನೇದೇ ಇಲ್ಲ, ನೀವು ಉಟಗೊಂಡ ಹೊಂಟ್ರಲ್ರೀ!"

ಅವನ ಹೆಂಡತಿ ದಸ್ತಗೀರಬಿ ಸಿಟ್ಟಾಗಬೇಕೆಂದು ಬಂದವಳು ರಾಯರ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾಲ್ಕು ಜನ ಸೇರಿ ರಾಯರನ್ನು ಬುಗುರಿಯಂತೆ ಹಿಂದುಮುಂದಾಗಿ ತಿರುಗಿಸಿ ನೂಲು ಬಿಡಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ರಾಜಮಹ್ಮದ ಸಾವಧಾನದಿಂದಲೇ ಹೇಳಿದ: "ನಾಳಿ ಮುಂಜಾನೆ ಇದನ್ನ ಮತ್ತ ಹೂಡಬೇಕ್ರಿ. ಇನ್ನ ಮ್ಯಾಲ ಈ ಓಣ್ಯಾಗ ಓಡೂದಿಲ್ಲ ಅಂತ ದೇವರಾಣಿ ಮಾಡ್ರಿ."

ರಾಯರು ಆಣೆ ಮಾಡಿದರು.

ಇಷ್ಟಾದ ಮೇಲೆ ಮನೆಗೆ ಹೋಗಿ ಮಲಗಿದ್ದರೆ ಆಗುತ್ತಿತ್ತು. ಆದರೆ ಮಾಸ್ತರರು ಬಿಡಬೇಕಲ್ಲ. ಮುಖ್ಯ ಪಾಠವೇ ಉಳಿದಿತ್ತು. ಹೊರಟ ಬಸ್ಸನ್ನು ಹಿಡಿಯುವ ಪಾಠ. ಸಂಜೆ ತಂಪಾದ ಮೇಲೆ ಅವರು ಸೈಕಲ್ ತಂದು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿದರು.

"ನಾ ಬಸ್ಸು. ನಾ ಜೋರ ಹೊಡದಾಗ ನೀವ್ ಜೋರ ಓಡ್ರಿ, ನಾ ಸಾವಕಾಶ ಆದಾಗ ಸಾವಕಾಶ. ಹುತುತು ಥರಾ. ಬಸ್ಸಿಗೆ ಒದರ್ತೀರಲ್ಲ, ಹಂಗ ಒದರ್ರಿ. ಒದರೂದ್ರಾಗೂ ಉಸರ ಬೇಕಾಗ್ತೈತಿ, ಅದೂ ಅಭ್ಯಾಸ ಆಗಲಿ."

ಸೈಕಲ್ ಹೊರಟಿತು. ಹಿಂದೆ ರಾಯರು. "ಹೋಲ್ಡಾನ್! ನಿಲ್ಲಸ್ರೀ! ಹಿಡೀರೀ!"

ಮಾಸ್ತರರು ಹಿಂದಿರುಗಿ ನೋಡಿ ಪೆಡಲು ತುಳಿದರು. ರಾಯರ ದನಿ ಏರಿತು. "ಹಿಡೀರಿ! ಹೊಂಟ, ಹೊಂಟ!"

ಸ್ಟ್ಯಾಂಡಿನ ಬದಿಗೆ ಚಹಾದಂಗಡಿ ಇಟ್ಟಿದ್ದ ಇಬ್ರಾಹಿಂಸಾಬ ತಲೆಯೆತ್ತಿ ನೋಡಿದ. ಮುಂದೆ ಸೈಕಲ್ ಮೇಲೆ ಹಿಂದೆ ನೋಡುತ್ತ ಓಡುವವನೊಬ್ಬ, ಹಿಂದೆ ಬಾಯಿ ಬಡಿದುಕೊಳ್ಳುತ್ತ ಬರುವ ಸರಕಾರಿ ಕಾರಕೂನರು. ಹೆಚ್ಚು ವಿಚಾರ ಮಾಡುವ ಪ್ರಸಂಗ ಇದಲ್ಲವೆಂದು ಅವನಿಗೆ ಅನಿಸಿತು. ಬಕೀಟು ಬಿಟ್ಟು ಹಾರಿ ಸೈಕಲ್ಲಿನ ಕ್ಯಾರಿಯರ್ ಹಿಡಿದ. ಮಾಸ್ತರರು ಹ್ಯಾಂಡಲ್ ದಾಟಿ ರಸ್ತೆಯಲ್ಲಿ ಬಿದ್ದರು. ಕ್ಷಣದಲ್ಲಿ ಮಂದಿ ಸೇರಿತು.

"ಸೈಕಲ್ ಕಳ್ಳ!"

"ಲೇ, ಸಾಲಿ ಮಾಸ್ತರ ಇದ್ದಂಗ ಅದಾನಲ್ಲೋ."

"ಮಾಸ್ತರಾದ್ರ ಏನಾತು, ಕದಿಯಾಕ ಬರೂದಿಲ್ಲೇನ?"

ಮಾಸ್ತರರು ಮಣ್ಣು ಉಗುಳುತ್ತ, "ನಂದ ಸೈಕಲ್ಲಪಾ, ರಾಯರನ್ನ ಕೇಳ್ರಿ!" ಎಂದರು. ಎಲ್ಲರೂ ರಾಯರತ್ತ ತಿರುಗಿದರು. ರಾಯರು ಆಗಷ್ಟೇ ಬಂದು ಮುಟ್ಟಿ ಮೊಣಕಾಲು ಹಿಡಿದು ಬಾಗಿದ್ದರು. ಬಾಯಿ ತೆರೆದರು. ಗಾಳಿ ಬಂತು. ಇನ್ನೊಮ್ಮೆ ತೆರೆದರು. ಮತ್ತೆ ಗಾಳಿಯೇ. ಅವರ ಉಸಿರು ತಿರುಗುವ ತನಕ ಇಬ್ರಾಹಿಂಸಾಬ ಮಾಸ್ತರರ ಅಂಗಿಯ ಕಾಲರು ಬಿಡಲಿಲ್ಲ.

ಅಷ್ಟರಲ್ಲಿ ಗುರುಲಿಂಗವ್ವ ಮಂದಿಯನ್ನು ಸೀಳಿಕೊಂಡು ಬಂದಳು. "ಅವನ್ನ ಯಾಕ ಮಾತಾಡಸ್ತೀರಿ? ಮುಂಜಾನಿಂದ ಹೊಟ್ಟಿ ಕೆಟ್ಟೈತಿ ಅವಗ!"

"ಹೊಟ್ಟಿ... ಕೆಟ್ಟಿಲ್ಲ," ಎಂದರು ರಾಯರು ಕೊನೆಗೂ. "ಕಳ್ಳತನಾನೂ... ಆಗಿಲ್ಲ. ಬಸ್... ಹಿಡೀಲಿಕ್ಕೆ... ಕಲೀಲಿಕ್ಕೆ ಹತ್ತೀನಿ."

ಆಮೇಲೆ ಒಂದೊಂದೇ ಮಾತಾಗಿ ಎಲ್ಲ ಹೊರಬಿತ್ತು. ಮಾಮಲೇದಾರರು ಹೇಳಿದ್ದು, ಸಂಗಮದ ಕಡೆಯ ವಸೂಲಿ, ತುಂಡೋಟ. ನಗಬೇಕೆಂದು ನಿಂತಿದ್ದ ಮಂದಿಗೆ ಆ ಬೆವರಿದ ಮುಖ, ಕೋಟಿಗೆ ಅಂಟಿದ ಕೆಂಪು ನೂಲು ನೋಡಿ ನಗೆ ಬರಲಿಲ್ಲ. ಇಬ್ರಾಹಿಂಸಾಬ ಕಾಲರು ಬಿಟ್ಟು ಮಾಸ್ತರರ ಅಂಗಿಯ ಧೂಳು ಜಾಡಿಸಿದ. ಇಬ್ಬರಿಗೂ ಚಹಾ ಕೊಟ್ಟ. ಗುರುಲಿಂಗವ್ವ ಸೆರಗು ಹೊದ್ದುಕೊಂಡು ಓಣಿಯ ಕಡೆ ದಡದಡನೆ ಹೊರಟುಹೋದಳು. ಯಾರಿಗೂ ಪ್ರಶ್ನೆಯ ಸುಂಕ ಹಾಕದೆ ಆಕೆ ಹೋದದ್ದು ಅದೇ ಮೊದಲು.

ಸೋಮವಾರ ರಾಯರು ಎದ್ದಾಗ ತೊಡೆಗಳು ಒಣಗಿದ ಕೊರಡಿನಂತಾಗಿದ್ದವು. ಆದರೂ ಮನಸ್ಸು ಗಟ್ಟಿಯಾಗಿತ್ತು. ಕನ್ನಡಕ ಮೂಗಿನ ಮೇಲೆ, ಕೊಡೆ ಬಗಲಲ್ಲಿ, ಡಬ್ಬಿ ಕೈಯಲ್ಲಿ. ವಿಮಲಾಬಾಯಿ ದೇವರ ಮನೆಯಲ್ಲಿದ್ದಳು. ಮುಂದಿನ ಓಣಿಯಲ್ಲಿ ರಾಜಮಹ್ಮದ ನೂಲು ಹೂಡಿರುತ್ತಾನೆ, ಆಣೆ ಬೇರೆ ಮಾಡಿಯಾಗಿದೆ. ಹಾಗಾಗಿ ರಾಯರು ಹಿತ್ತಲ ಬಾಗಿಲು ತೆಗೆದು, ಹಿಂದಿನ ಸಂದಿಯಿಂದ ಹೊರಬಿದ್ದರು.

ಮತ್ತು ಓಡಿದರು. ಬೇಲಿಯ ತನಕ ಹುಲಿ. ಅಲ್ಲಿಂದ ಗುಡಿಯವರೆಗೆ ನಿಧಾನ. ಗುಡಿಯಿಂದ ಏರು ಹತ್ತಿ, ಅರ್ಧ ಉಸಿರಿನಲ್ಲೇ ಮತ್ತೆ ಜೋರು. ತುಂಡು ತುಂಡಾಗಿ ದಾರಿ ಹಿಂದೆ ಸರಿಯುತ್ತಿತ್ತು, ಎದೆ ಒಡೆಯುತ್ತಿರಲಿಲ್ಲ! ಅವರಿಗೇ ನಂಬಿಕೆಯಾಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಇನ್ನೂ ಬೇಕಾದಷ್ಟು ಸಮಯವಿರುವಾಗಲೇ ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಸ್ಟ್ಯಾಂಡು ಬಣಬಣ ಎನ್ನುತ್ತಿತ್ತು. ಬಸ್ಸಿಲ್ಲ. ಮಂದಿಯಿಲ್ಲ. ಇಬ್ರಾಹಿಂಸಾಬ ಅವರನ್ನು ಕಂಡವನೇ ಕೈಯಲ್ಲಿದ್ದ ಚಹಾದ ಬಸಿ ಕೆಳಗೆ ಬಿಟ್ಟ.

"ರಾಯರ! ನೀವ್ ಇಲ್ಲೆ ಅದೀರಿ? ಬಸ್ಸು ನಿಮ್ಮನ್ನ ಕರಕೊಂಡ ಬರಾಕ ನಿಮ್ಮ ಓಣಿಗೆ ಹೋಗೇತ್ರಿ!"

"ನನ್ನನ್ನ? ಯಾಕ?"

"ನಿನ್ನಿ ಗುರುಲಿಂಗವ್ವ ಓಣಿ ಹೆಣಮಕ್ಕಳ್ನೆಲ್ಲಾ ಕರಕೊಂಡ ಮುರ್ತುಜಸಾಬನ ಮನಿಗೆ ಹೋಗಿದ್ಲು. 'ಪಾಪ, ಆ ಬಡಜೀವ ಸಾಯೂಹಂಗ ಓಡತೈತಿ, ಒಂದಿನ ಓಣಿ ಬಾಯಿಗೆ ಬಂದ ಹತ್ತಿಸಿಕೊಂಡ ಹೋಗು' ಅಂತ ಗಂಟ ಬಿದ್ಲು. ಅವ ಮಾತ ಕೊಟ್ಟಾನ. ಮೊದಲ ಹೇಳಿದ್ರ ನೀವು ನಾಚಿಕೊಂಡ ಒಲ್ಲೆ ಅಂತೀರಂತ ನಿಮಗ ಯಾರೂ ಹೇಳಲಿಲ್ಲ."

ರಾಯರ ಕಣ್ಣು ತುಂಬಿ ಬಂದವು. ಆದರೆ ಅಳಲು ಹೊತ್ತಿರಲಿಲ್ಲ. ಬಂದ ದಾರಿಯಲ್ಲೇ ಹುಲಿಯಾಗಿ ಎಗರಿದರು.

ಹಿತ್ತಲಿನಿಂದ ಒಳಗೆ ನುಗ್ಗಿ, ಮನೆ ದಾಟಿ ಮುಂಬಾಗಿಲಿಗೆ ಬಂದರೆ ಗುರುಲಿಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ಯೋ? ಹಾರ್ನ್ ಹೊಡದು ಹೊಡದು ಸಾಕಾತು ಅವಗ. ಹಿತ್ತಲದಿಂದ ಹೋಗಿರಬೇಕಂತ ನಿನ್ನ ಹೇಣ್ತಿ ಹೇಳಿದ್ಲು, ದೊಡ್ಡ ರಸ್ತೆ ಹಿಡದು ಸ್ಟ್ಯಾಂಡಿಗೆ ಹೋದ. ಓಡ, ಓಡ!"

ಓಡಿದರು. ಸ್ಟ್ಯಾಂಡಿನಲ್ಲಿ ಧೂಳು ಇನ್ನೂ ಆರಿರಲಿಲ್ಲ.

"ಈಗ ತಿರಗಿ ನಿಮ್ಮ ಓಣಿಗೇ ಹೋದ್ನಲ್ರೀ!" ಇಬ್ರಾಹಿಂಸಾಬ ಹಣೆ ಚಚ್ಚಿಕೊಂಡ. "ಹೆಣಮಕ್ಕಳಿಗೆ ಮಾತ ಕೊಟ್ಟೇನಿ, ರಾಯರು ಇಲ್ಲದ ಊರ ಬಿಡೂದಿಲ್ಲ ಅಂತಾನ್ರೀ ಅವ. ದಾರ್ಯಾಗ ಮಂದಿ ಬಯ್ಯಾಕತ್ಯಾರ, ಕೇಳವಲ್ಲ!"

ಗಡಿಯಾರಕ್ಕೆ ಎಷ್ಟು ನಿಷ್ಠನೋ ಕೊಟ್ಟ ಮಾತಿಗೂ ಅಷ್ಟೇ ನಿಷ್ಠ ಆ ಮುರ್ತುಜಸಾಬ. ಈ ಸಲ ರಾಯರಿಗೆ ಬುದ್ಧಿ ಬಂತು. ಹಿಂದಿನ ಸಂದಿಗೆ ಹೋಗದೆ ದೊಡ್ಡ ರಸ್ತೆಯನ್ನೇ ಹಿಡಿದು, ಉಳಿದಿದ್ದ ಅರ್ಧ ಉಸಿರಿನಲ್ಲಿ ಹುತುತು ಆಟಗಾರನಂತೆ ನುಗ್ಗಿ, ನಡುದಾರಿಯಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. ಎದುರಿನ ತಿರುವಿನಿಂದ, ಓಣಿಯಿಂದ ಮರಳುತ್ತಿದ್ದ ಬಸ್ಸು ಬಂತು. ಬ್ರೇಕು ಕಿರುಗುಟ್ಟಿತು. ಬಸ್ಸು ನಿಂತಿತು.

ಒಳಗಿನಿಂದ ಹೋ ಎಂದು ಕೂಗೆದ್ದಿತು. ಬಯ್ಯುತ್ತಿದ್ದವರು ಕೂಡ ಚಪ್ಪಾಳೆ ಹೊಡೆದರು. ಬಾಗಲಕೋಟೆಗೆ ಹೊರಟಿದ್ದ ಅಂದಾನಪ್ಪ ಮಾಸ್ತರರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಸೀಟಿ ಊದಿದರು. ರಾಯರು ಮೆಟ್ಟಿಲು ಹತ್ತಿದರು. ಕಂಬಿ ಹಿಡಿದು ನಿಂತಾಗ ಅವರ ಮುಖದಲ್ಲಿ ಪದಕ ಗೆದ್ದವರ ಕಳೆಯಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಓಡಿ ಬಸ್ಸು ಹಿಡಿದಿದ್ದರು.

"ಮುಂದ ಒಂದ ಸೀಟ ಐತ್ರಿ ರಾಯರ," ಎಂದ ಕಂಡಕ್ಟರ.

ರಾಯರು ಮುಂದೆ ಹೋದರು. ಖಾಲಿ ಸೀಟಿನ ಪಕ್ಕ, ಕಿಟಕಿಯ ಬದಿಗೆ, ಮೊಣಕಾಲ ಮೇಲೆ ಟೊಪ್ಪಿಗೆ ಇಟ್ಟುಕೊಂಡು ಮಾಮಲೇದಾರ ಸಾಹೇಬರು ಕೂತಿದ್ದರು.

ಸಾಹೇಬರು ಆದಿತ್ಯವಾರ ಇಳಕಲ್ಲಿನ ಬೀಗರ ಮನೆಗೆ ಬಂದಿದ್ದರು. ಜೀಪು ಕೆಟ್ಟು ನಿಂತದ್ದರಿಂದ ಬಸ್ಸಿಗೆ ಬಂದಿದ್ದರು. ಆ ದಿನ ಬಾಗಲಕೋಟೆಯಿಂದ ಮೇಲಧಿಕಾರಿ ಪ್ರಾಂತ ಸಾಹೇಬರು ಕಚೇರಿಯ ತಪಾಸಣೆಗೆ ಬರುವವರಿದ್ದರು. ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕಾದ ಮಾಮಲೇದಾರರು, ಬಸ್ಸಿನಲ್ಲಿ ಕೂತು ಊರಿನ ಪ್ರದಕ್ಷಿಣೆ ಹಾಕುತ್ತಿದ್ದರು. ಆಗಲೇ ಬಿಸಿಲು ಏರಿತ್ತು.

ಸಾಹೇಬರು ದನಿ ಏರಿಸಲಿಲ್ಲ.

"ಕೂಡ್ರಿ ರಾಯರ, ಕೂಡ್ರಿ. ದಿನಾ ನೀವೊಬ್ಬರ ತಡಾ ಬರ್ತಿದ್ರಿ. ಇವತ್ತ ನನ್ನೂ ಜೋಡಿ ಕರಕೊಂಡ ಹೊಂಟೀರಿ."

ರಾಯರು ಸೀಟಿನ ತುದಿಗೆ ಕೂತರು. ಹುನಗುಂದದವರೆಗೂ ಓಡಿಯೇ ಹೋಗಿದ್ದರೆ ಇದಕ್ಕಿಂತ ಹಗುರವಿರುತ್ತಿತ್ತೆಂದು ಅವರಿಗೆ ತೋರಿತು. ಬಸ್ಸು ಹೊರಟಿತು. ಊರ ಹೊರಗಿನ ರಸ್ತೆಗೆ ಬಿದ್ದ ಮೇಲೆ ಮುರ್ತುಜಸಾಬ ಒಂದು ಪುಣ್ಯದ ಕೆಲಸ ಮಾಡಿದ ಸಂತೋಷದಲ್ಲಿ ಹಿಂದೆ ತಿರುಗಿ ಕೇಳಿದ:

"ರಾಯರ, ನಾಳಿನೂ ಓಣಿ ಬಾಯಿಗೆ ಬರ್ಲೇನ್ರಿ?"

ರಾಯರು ಬಾಯಿ ತೆರೆಯುವ ಮೊದಲೇ ಸಾಹೇಬರು ಉತ್ತರ ಕೊಟ್ಟರು.

"ಬ್ಯಾಡಪಾ. ನಾಳಿಂದ ಅವರು ಸಂಗಮದ ಕಡೆ ಇರ್ತಾರ."